ದಿಕ್ಕು ಬಸುವಿನದು, ಜಿಗಿತ ನನ್ನದು

ಟಿ.ವಿ.ಯ ಬೆನ್ನಿಗೆ ಒಂದು ವೈರು ಸಿಕ್ಕಿಸಿದರೆ ಸಾಕು, ಬೇಸಿಗೆ ರಜೆ ಶುರುವಾಯಿತೆಂದು ನಾವು ತಿಳಿಯುತ್ತಿದ್ದ ದಿನಗಳವು. ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ನೌಕಾಪಡೆಯಲ್ಲಿ ಸೇಲರ್. ಗದಗ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿ ಮುಗಿಸಿ ಸೀದಾ ಹಡಗು ಹತ್ತಿದವನು. ವಿಶಾಖಪಟ್ಟಣದ ನೇವಿ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಕಿಟಕಿಯ ಸರಳಿಗೆ ಎಷ್ಟು ಸಲ ಬಣ್ಣ ಹೊಡೆದರೂ ಉಪ್ಪುಗಾಳಿ ತಿಂದುಹಾಕುತ್ತಿತ್ತು. ಹೊರಗೆ ತಾಟಿನಿಂಗು ಮಾರುವವಳ ಕೂಗು, ಒಳಗೆ ಅವ್ವ ಬಡಿಯುವ ಜೋಳದ ರೊಟ್ಟಿಯ ಸದ್ದು.

ಅವ್ವನದು ಒಂದೇ ಕಾನೂನು.

"ತೆಲುಗು ಎಲ್ಲಾ ಚಪ್ಪಲಿ ಜೋಡಿ ಹೊರಗ ಬಿಟ್ಟು ಬರ್ರಿ. ನಾಳೆ ಊರಿಗೆ ಹೋದ್ರ ನಿಮ್ಮಜ್ಜಿ ಕೂಡ ಯಾರು ಮಾತಾಡವರು?"

ಕೆಳಗಿನ ಮೈದಾನದಲ್ಲಿ ನಾವು ಗೋಡೆಯಿಂದ ಹಾರುವಾಗ "ದೂಕು, ದೂಕು" ಎಂದು ತೆಲುಗಿನಲ್ಲೇ ಕೂಗುತ್ತಿದ್ದೆವು. ಮೆಟ್ಟಿಲು ಹತ್ತಿ ಬಂದರೆ ಅದೇ "ಜಿಗಿ" ಆಗಬೇಕು. ತಪ್ಪಿದರೆ ತಲೆಗೆ ಮೊಟಕು.

ಆ ವರ್ಷ ಅಪ್ಪ ಹೊರದೇಶದ ಬಂದರಿನಿಂದ ಒಂದು ಟಿ.ವಿ. ಗೇಮ್ ತಂದ. ಪೆಟ್ಟಿಗೆಗೆ ಹಡಗಿನವರ ಗಂಟು ಹಾಕಿದ್ದ. ನಾವು ಅರ್ಧ ಗಂಟೆ ಒದ್ದಾಡಿದ ಮೇಲೆ ತಾನು ಒಂದು ಎಳೆ ಎಳೆದ, ಬಿಚ್ಚಿಕೊಂಡಿತು. ನಾಲ್ಕು ದಿನ ನಮ್ಮ ಜೊತೆ ಕೂತು, ಮತ್ತೆ ಸಮುದ್ರಕ್ಕೆ ಹೋದ.

ನನ್ನ ತಮ್ಮ ಬಸುಗೆ ಆಗ ಒಂಬತ್ತು, ನನಗೆ ಹನ್ನೆರಡು. ಹೆರಿಗೆಯ ಹೊತ್ತಿಗೇ ಅವನ ಎಡಗೈಗೆ ಪೆಟ್ಟಾಗಿತ್ತು. ಬೆರಳುಗಳು ಏನನ್ನೂ ಹಿಡಿಯುತ್ತಿರಲಿಲ್ಲ. ಗೇಮಿನ ಹಿಡಿಕೆಯೋ ಎರಡು ಕೈ ಇದ್ದವರಿಗೇ ಮಾಡಿದ್ದು. ಎಡಕ್ಕೆ ದಿಕ್ಕಿನ ಬಟನ್, ಬಲಕ್ಕೆ ಜಿಗಿಯುವ ಕೆಂಪು ಬಟನ್. ಮೊದಲ ವಾರ ಅವನು ಸುಮ್ಮನೆ ನೋಡಿದ. ಆಮೇಲೆ ತಾನೇ ದಾರಿ ಹುಡುಕಿದ.

"ಅಕ್ಕಾ, ದಿಕ್ಕು ನಂದು, ಜಿಗಿಯೋದು ನಿಂದು."

ಊಟಕ್ಕೆ ಕೂರುವ ಮಣೆಯನ್ನು ನಮ್ಮಿಬ್ಬರ ನಡುವೆ ಇಟ್ಟು, ಅದರ ಮೇಲೆ ಹಿಡಿಕೆ ಇಟ್ಟೆವು. ಅವನ ಬಲಗೈ ದಿಕ್ಕಿನ ಮೇಲೆ, ನನ್ನ ಹೆಬ್ಬೆರಳು ಕೆಂಪು ಬಟನ್ ಮೇಲೆ. ಪರದೆಯ ಪುಟ್ಟ ಆಳು ಹಳ್ಳದ ಅಂಚಿಗೆ ಬಂದಾಗ ಬಸು ಕೂಗಬೇಕು: "ಜಿಗಿ!" ನಾನು ಒತ್ತಬೇಕು. ಒಂದು ಚಣ ತಡವಾದರೆ ಆಳು ಹಳ್ಳದ ಪಾಲು.

"ನಿದ್ದಿ ಬಂತೇನು ನಿಂಗ?"

"ನೀ ಕೂಗಿದ್ದ ತಡಾ ಆತು."

"ಆ ಮಣಿ ಊಟಕ್ಕ ಇಟ್ಟದ್ದು, ಗೊಂಬಿ ಕುಣಿಸಾಕ ಅಲ್ಲ," ಎಂದು ಅವ್ವ ಒಳಗಿನಿಂದ ಗದರುತ್ತಿದ್ದಳು. ಆದರೆ ಮಣೆ ವಾಪಸು ಕೇಳಲಿಲ್ಲ. ಕ್ರಮೇಣ ಅವನು ಕೂಗುವ ಮೊದಲು ಎಳೆದುಕೊಳ್ಳುವ ಉಸಿರೇ ನನಗೆ ಗೊತ್ತಾಗತೊಡಗಿತು. ಆದರೂ ಕೂಗಿಗೆ ಕಾಯುತ್ತಿದ್ದೆ. ಅದೇ ಆಟವಾಗಿತ್ತು.

ಅದೇ ಬೇಸಿಗೆಯಲ್ಲಿ ಸರೋಜಾ ಆಂಟಿಯ ಪರಿಚಯವಾಯಿತು. ಮೈಸೂರಿನವರು, ಯಜಮಾನರು ಬ್ಯಾಂಕಿನ ಆಫೀಸರು, ವರ್ಗವಾಗಿ ಬಂದವರು. ಮಕ್ಕಳಿರಲಿಲ್ಲ. ಕನ್ನಡದವರ ಗಣಪತಿ ಪೂಜೆಯಲ್ಲಿ ಅವ್ವನನ್ನು ಒಮ್ಮೆ ಕಂಡಿದ್ದವರು, ಪೇಟೆಯಲ್ಲಿ ಮತ್ತೆ ಸಿಕ್ಕಾಗ "ಶನಿವಾರ ಮಕ್ಕಳನ್ನ ಕಳಿಸಿ, ಕಂಪ್ಯೂಟರ್ ಇದೆ" ಎಂದರು. ಅವರ ಮನೆಯಿದ್ದ ಎಂವಿಪಿ ಕಾಲೋನಿಗೆ ನಾವಿಬ್ಬರೇ ಬಸ್ಸು ಹತ್ತಿ ಹೋದೆವು.

"ಬನ್ರೋ. ಕಾಲು ತೊಳ್ಕೊಂಡು ಒಳಗೆ ಬನ್ನಿ. ಧೂಳು ಅಂದ್ರೆ ಅದಕ್ಕಾಗಲ್ಲ."

ನಮ್ಮವ್ವನ ದೇವರ ಜಗಲಿಗೂ ಅಷ್ಟು ಮಡಿ ಇರಲಿಲ್ಲ. ಕಿಟಕಿಗೆ ಪರದೆ, ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ. ಗುಂಡಿ ಅದುಮಿದರೆ ಗೊರಗೊರ ಎಂದು ಏನೋ ಲೆಕ್ಕ ಹಾಕಿ, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ತೋರಿಸುತ್ತಿತ್ತು. ಆಟದ ಹೆಸರನ್ನು ಒಂದಕ್ಷರ ತಪ್ಪದೆ ಹೊಡೆಯಬೇಕು; ತಪ್ಪಿದರೆ ಮುನಿಸು. ನಮ್ಮ ಟಿ.ವಿ. ಗೇಮಿಗೆ ಇದಾವುದೂ ಬೇಡ. ಆಟದ ಕ್ಯಾಸೆಟ್ಟಿಗೆ ಒಂದು ಸಲ ಉಫ್ ಎಂದು ಊದಿ ತುರುಕಿದರೆ ಮುಗಿಯಿತು. ಅನುಕೂಲ ಯಾವುದರಲ್ಲಿ ಎಂದು ಆ ದಿನವೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಗುಹೆಯೊಳಗೆ ಓಡುವ ಒಬ್ಬ ಮನುಷ್ಯನ ಆಟ ಅದು. ಬಸು ಕುರ್ಚಿಯ ಮೇಲೆ ಕೂತ. ಕೀಬೋರ್ಡು ಮೇಜಿನ ಮೇಲೆ ಅಲ್ಲಾಡದೆ ಮಲಗಿತ್ತು. ಅದನ್ನು ಯಾರೂ ಹಿಡಿದುಕೊಳ್ಳಬೇಕಿರಲಿಲ್ಲ. ಬಲ ಮೂಲೆಯಲ್ಲಿ ನಾಲ್ಕು ಬಾಣ. ಎಡ, ಬಲ, ಮೇಲಿನದು ಒತ್ತಿದರೆ ಜಿಗಿತ. ಅವನ ಮೂರು ಬೆರಳು ಅಲ್ಲಿಗೇ ಮಾಡಿಸಿದಂತೆ ಕೂತವು.

"ಜಿಗಿಯೋದು ನಾ ಒತ್ತಲೇನು?" ಎಂದೆ.

"ಬ್ಯಾಡಕ್ಕಾ. ಇಲ್ಲೇ ಐತಿ," ಎಂದ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅವನು ಅಷ್ಟು ಸದ್ದಿಲ್ಲದೆ ಆಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾರನ್ನೂ ಕೂಗುವ ಅಗತ್ಯವೇ ಇರಲಿಲ್ಲವಲ್ಲ. ಆಂಟಿ ಕೊಟ್ಟ ಕೋಡುಬಳೆ ಕಡಿಯುತ್ತ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದೆ. ಮೂರು ಶನಿವಾರ ಹಾಗೇ ಹೋದವು. ಮನೆಯಲ್ಲಿ ಮಣೆ ಮತ್ತೆ ಊಟಕ್ಕೆ ಹೋಯಿತು.

ನಾಲ್ಕನೆಯ ಶನಿವಾರ ಬೆಳಿಗ್ಗೆ ಹೇಳಿದೆ: "ಆಂಟಿ ಇನ್ನ ಬರಬ್ಯಾಡ ಅಂದಾರ."

ಬಸು ಯಾಕೆಂದು ಕೇಳಲಿಲ್ಲ. ನಾನು ಗೆದ್ದೆನೆಂದುಕೊಂಡು ಮಣೆ ಎಳೆದು ವೈರು ಸಿಕ್ಕಿಸಿದೆ. ಅವನು ಆಡಿದ. "ಜಿಗಿ" ಎಂದೂ ಅಂದ. ಆದರೆ ಆ ದನಿಯಲ್ಲಿ ಆಟ ಇರಲಿಲ್ಲ. ಮರುದಿನದಿಂದ, ಆ ಮೇ ತಿಂಗಳ ಧಗೆಯಲ್ಲಿ, ಅವನು ತುಂಬುತೋಳಿನ ಅಂಗಿ ಹಾಕತೊಡಗಿದ.

"ಹುಚ್ಚ ಹಿಡದೈತೇನೋ ನಿಂಗ, ಬೆವರು ಸುರಿಯಾಕತ್ತೈತಿ, ತಗಿ ಅದನ್ನ," ಎಂದು ಅವ್ವ ಬೈದಳು. ಅವನು ತೆಗೆಯಲಿಲ್ಲ.

ಇನ್ನೊಂದು ಶನಿವಾರ ಬಂತು. ಆಟದ ನಡುವೆ ದಿಕ್ಕಿನ ಬಟನ್ನಿನಿಂದ ಕೈ ತೆಗೆದ. ಎಡತೋಳನ್ನು ಬೆರಳು ಮುಚ್ಚುವಷ್ಟು ಕೆಳಗೆ ಎಳೆದುಕೊಂಡು ಕೇಳಿದ:

"ಆಂಟಿ ನನ್ನ ಕೈ ನೋಡಾಕ ಆಗದ ಬ್ಯಾಡ ಅಂದ್ರೇನಕ್ಕಾ?"

ಡಿಗ್ರಿಗೆ ಓದುವಾಗ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ನೆಂಟರ ಮುಂದೆ ತಲೆ ತಗ್ಗಿಸಿದ್ದೇನೆ. ಆ ಪ್ರಶ್ನೆಯ ಮುಂದೆ ಆದ ನಾಚಿಕೆ ಮತ್ತೆಂದೂ ಆಗಿಲ್ಲ.

"ಇಲ್ಲೋ. ಅವರು ಏನೂ ಅಂದಿಲ್ಲ. ನಾನ ಸುಳ್ಳು ಹೇಳೀನಿ."

"ಯಾಕ?"

"ಅಲ್ಲಿ ನೀ ನನ್ನ ಕರ್ಯಾಂಗಿಲ್ಲ."

ಬಸು ನನ್ನನ್ನೇ ನೋಡಿದ. ಎದ್ದು ಒಳಗೆ ಹೋಗಿ ಗಿಡ್ಡತೋಳಿನ ಅಂಗಿ ಹಾಕಿಕೊಂಡು ಬಂದ.

"ನಡಿ, ಬಸ್ಸು ಹೋಗತೈತಿ."

ಬಾಗಿಲು ತೆಗೆದ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ರೋ, ಹೋದ ವಾರ ಪತ್ತೇನೇ ಇಲ್ಲ! ಮಾಡಿಟ್ಟ ಕೋಡುಬಳೆಯೆಲ್ಲ ನಮ್ಮೆಜಮಾನ್ರೇ ಖಾಲಿ ಮಾಡಿದ್ರು."

ಬಸು ತಟ್ಟನೆ ಹೇಳಿದ: "ಅಕ್ಕಗ ಜ್ವರ ಬಂದಿತ್ತರೀ ಆಂಟಿ."

ಅವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು. "ಸದ್ಯ, ಈಗಿಲ್ಲ."

"ಹೌದ್ರಿ, ಇವತ್ತ ಬಿಟ್ಟೈತಿ," ಎಂದು ನನ್ನ ಕಡೆ ನೋಡದೆ ಕಾಲು ತೊಳೆಯಲು ಹೋದ.

ಅಂದು ಆಂಟಿ, "ಸುಮ್ನೆ ಗೋಡೆ ನೋಡ್ಕೊಂಡು ಕೂತ್ಕೋಬೇಡಮ್ಮ," ಎಂದು ನನಗೊಂದು ಪುಸ್ತಕ ಕೊಟ್ಟರು. ಬಸು ಆಡಿದಷ್ಟು ಹೊತ್ತು ನಾನು ಓದಿದೆ. ಮುಂದಿನ ಎರಡು ವರ್ಷ, ಅವರಿಗೆ ವರ್ಗವಾಗುವ ತನಕ, ಹಾಗೇ ನಡೆಯಿತು. ನಮ್ಮ ಮನೆತನದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದ ಮೊದಲನೆಯವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಅದರ ಬುಡ ಹುಡುಕಿದರೆ ನನ್ನ ಅಗತ್ಯವಿಲ್ಲದ ಆ ಆಟದ ಹಿಂದಿನ ಸ್ಟೂಲು ಸಿಗುತ್ತದೆ.

ಈಗ ನಮ್ಮ ಆಫೀಸಿನ ಹುಡುಗರು ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು, ಆಟಕ್ಕೆ ಪೀಸಿ ಮೇಲೋ, ನಮ್ಮ ಟಿ.ವಿ. ಗೇಮಿನಂಥ ಕನ್ಸೋಲ್ ಮೇಲೋ ಎಂದು ಜಗಳವಾಡುತ್ತಾರೆ. ಅನುಕೂಲಕ್ಕೆ ಕನ್ಸೋಲು, ಹಿಡಿತಕ್ಕೆ ಕೀಬೋರ್ಡು ಎಂದು ನಾನಂದರೆ ನಗುತ್ತಾರೆ, ಮೇಡಂಗೇನು ಗೊತ್ತು ಎಂದು.

ಬಸು ಈಗ ವಿಜಯವಾಡದಲ್ಲಿ ರೈಲ್ವೆ ಟಿಕೆಟ್ ಕೌಂಟರಿನಲ್ಲಿದ್ದಾನೆ. ಒಂದೇ ಕೈಯಲ್ಲಿ ಅವನು ಟೈಪ್ ಮಾಡುವ ವೇಗಕ್ಕೆ, ಸಾಲಿನಲ್ಲಿ ನಿಂತವರಿಗೆ ಇನ್ನೊಂದು ಕೈಯ ನೆನಪೇ ಬರುವುದಿಲ್ಲ. ಹೆಂಡತಿ ತೆಲುಗಿನವಳು, ಒಳ್ಳೆಯವಳು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಚಪ್ಪಲಿ ಮಾತ್ರ ಹೊರಗೆ ಉಳಿಯುತ್ತದೆ. ಫೋನಿನಲ್ಲಿ ನನ್ನೊಡನೆ ಎರಡು ಮಾತು ಕನ್ನಡದಲ್ಲಿ ಆಡಿ, ಮೂರನೆಯದಕ್ಕೆ ತಡವರಿಸುತ್ತಾನೆ.

ಹೋದ ದೀಪಾವಳಿಗೆ ಹೋಗಿದ್ದೆ. ಅವನ ಮಗಳು ವೈರಿಲ್ಲದ ಹಿಡಿಕೆಯೊಂದನ್ನು ನನ್ನ ಕೈಗೆ ಕೊಟ್ಟು, "ಅತ್ತಾ, ನುವ್ವು ಆಡು" ಎಂದು ತೆಲುಗಿನಲ್ಲಿ ಅಂದಳು. ದಿಕ್ಕೂ ನನ್ನದೇ, ಜಿಗಿತವೂ ನನ್ನದೇ. ಆಳು ಓಡಿದ. ಮುಂದೆ ಹಳ್ಳ ಕಂಡಿತು. ಹಿಂದೆ ಊಟದ ಮೇಜಿನ ಬಳಿ ಬಸು ಉಸಿರು ಎಳೆದುಕೊಂಡದ್ದು ಕೇಳಿಸಿತು, ಅದೇ ಹಳೆಯ ಉಸಿರು.

"ಅಕ್ಕಾ, ದೂಕು!"

ನನ್ನ ಹೆಬ್ಬೆರಳು ಇನ್ನೊಂದು ಮಾತಿಗಾಗಿ ಕಾಯುತ್ತಿತ್ತು. ಆಳು ಹಳ್ಳಕ್ಕೆ ಬಿದ್ದ.