ಕೊಟ್ರಮ್ಮತ್ತಿಗೆಯ ಎಂಟು ಗಂಟೆಯ ಗುಳಿಗೆ

ಯಾರೇ ಎದುರಿಗೆ ಬರಲಿ, ಕೊಟ್ರಮ್ಮತ್ತಿಗೆಯ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಭುಜದ ಮೇಲೆ. ಮುಖ ಆಮೇಲೆ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಬಿಳಿ ಕೋಟು ಹಿಡಿದು, "ಎಡಗಡೆ ಅರ್ಧ ಇಂಚು ಇಳಿದೈತೆ ನೋಡ್ರಿ, ಯಾರು ಹೊಲಿದ್ರು ಇದನ್ನ?" ಎಂದು ಕೇಳಿದ ಹೆಂಗಸು ಆಕೆ. ಡಾಕ್ಟರಮ್ಮ ಬೈಯಲಿಲ್ಲ. ಮುಂದಿನ ಸಲ ಕೋಟನ್ನೇ ಬಿಚ್ಚಿ ಕೈಗೆ ಕೊಟ್ಟರು.

ಆಕೆ ನನ್ನ ಅಣ್ಣನ ಹೆಂಡತಿ. ಹರಿಹರದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹೊಲಿಗೆ ಮಷಿನ್, ಗೋಡೆಯ ಮೊಳೆಗಳ ತುಂಬ ಗಿರಾಕಿಗಳು ಬಿಟ್ಟುಹೋದ ಅಳತೆ ಬ್ಲೌಸುಗಳು. ಅಣ್ಣ ತೀರಿಕೊಂಡಾಗಲೇ ನಮಗೆ ಗೊತ್ತಾದದ್ದು, ಅವನಿಗೆ ಎಚ್‌ಐವಿ ಇತ್ತು, ಅತ್ತಿಗೆಗೂ ಬಂದಿದೆ ಎಂದು. ತಂದವನು ನಮ್ಮ ಮನೆಯವನು, ಮುಚ್ಚಿಟ್ಟುಕೊಂಡು ಬದುಕಬೇಕಾದವಳು ಆಕೆ. ಅದೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಆಕೆಯ ಬಾಯಿ ಜೋರು. ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಆಕೆಗೆ ಮಾತ್ರ ಬರೀ "ಮೇಷ್ಟ್ರು".

ಒಂದು ಭಾನುವಾರ ಹರಿಹರಕ್ಕೆ ಹೋದಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದಳು. "ಮೇಷ್ಟ್ರೇ, ಒಂದಿನಾನೂ ಗುಳಿಗೆ ತಪ್ಪಿಸಬ್ಯಾಡ ಅಂತಾರಲ್ಲ ಆಸ್ಪತ್ರೇಲಿ, ತಪ್ಪಿಸಿದ್ರೆ ಏನಾಗ್ತೈತೆ?"

ನನಗೆ ಅಷ್ಟೇ ಸಾಕಿತ್ತು. ಹಾಳೆ ತೆಗೆದು ಚಿತ್ರ ಬರೆದೆ. ವೈರಸ್ಸು ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ಮಾಡಿಸಿಕೊಳ್ಳುತ್ತದೆ, ಎಚ್‌ಐವಿಯ ನಕಲು ತೆಗೆಯುವ ಕಿಣ್ವಕ್ಕೆ ತನ್ನ ತಪ್ಪು ತಿದ್ದಿಕೊಳ್ಳಲು ಬರುವುದಿಲ್ಲ, ಹಾಗೆ ಉಳಿದುಬಿಡುವ ತಪ್ಪಿಗೆ ಉತ್ಪರಿವರ್ತನೆ ಎಂದು ಹೆಸರು, ಎಂದೆಲ್ಲ ಕ್ಲಾಸಿನಲ್ಲಿ ಹೇಳಿದ ಹಾಗೇ ಹೇಳಿದೆ. ಅತ್ತಿಗೆ ಪಿನ್ನು ತೆಗೆದು ಪಕ್ಕಕ್ಕಿಟ್ಟಳು.

"ಅಂದ್ರೆ ಹೊಲಿಗೆ ಕಲಿಯಾಕೆ ಬರೋ ಹುಡುಗೀರ ಹಂಗೆ ಅನ್ರಿ. ಅಳತೆ ಬ್ಲೌಸು ಗೋಡೆ ಮ್ಯಾಲೆ ಐತೆ, ಅದನ್ನ ಇಳಿಸಾಕೆ ಸೋಮಾರಿತನ. ಈಗ ಹೊಲಿದಿದ್ದನ್ನೇ ಇಟ್ಟು ಮುಂದಿಂದು ಕತ್ತರಿಸ್ತಾವೆ. ಹತ್ತನೇದಕ್ಕೆ ತೋಳೇ ಬ್ಯಾರೆ! ಮುಕ್ಕಾಲು ಪಾಲು ಯಾರಿಗೂ ಆಗಲ್ಲ, ಚಿಂದಿಗೆ ಹೋಗ್ತಾವೆ. ಒಂದೊಂದು ಮಾತ್ರ ಯಾರಿಗೋ ಸರಿಯಾಗಿ ಕೂತೇಬಿಡ್ತೈತೆ."

"ಹಂಗೆ ಕೂತಿದ್ದೇ ಅಪಾಯ ಅತ್ತಿಗೆ. ದಿನಾ ಗುಳಿಗೆ ತಗೊಂಡ್ರೆ ಮಷಿನ್ನೇ ನಿಂತಿರ್ತೈತೆ, ತಪ್ಪು ಹೊಲಿಯಾಕೂ ಆಗಲ್ಲ. ಬಿಟ್ಟು ಬಿಟ್ಟು ತಗೊಂಡ್ರೆ ಮತ್ತೆ ಓಡ್ತೈತೆ. ಗುಳಿಗೆಗೆ ಜಗ್ಗದಂಥದ್ದು ಒಂದು ಹುಟ್ಟಿದ್ರೆ ಮುಗೀತು, ಆಮ್ಯಾಲೆ ಅದರದ್ದೇ ಕಾರುಬಾರು."

"ಅಬ್ಬಾ, ಊರೆಲ್ಲ ಸುತ್ತಿ ಕಡೀಗೆ ನನ್ನ ಮಷಿನ್ ಹತ್ರಾನೇ ಬಂದು ಕೂತ್ರಲ್ಲ ಮೇಷ್ಟ್ರು!" ಎಂದು ನಕ್ಕಳು.

ಅವತ್ತೇ ಮೊಬೈಲಿನಲ್ಲಿ ರಾತ್ರಿ ಎಂಟಕ್ಕೆ ಅಲಾರಾಂ ಇಡಿಸಿಕೊಂಡಳು. ಅದು ಹೊಡೆಯಿತೆಂದರೆ ಎದುರಿಗೆ ಯಾವ ಗಿರಾಕಿಯಿರಲಿ, ಎದ್ದು ಗುಳಿಗೆ ನುಂಗಿ ಬಂದೇ ಮುಂದಿನ ಮಾತು. ಆ ಬ್ಲೌಸಿನ ಉದಾಹರಣೆಯನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ. ಮಕ್ಕಳು ಮೆಚ್ಚಿದ್ದಾರೆ. ಯಾರದ್ದೆಂದು ಒಂದು ಸಲವೂ ಹೇಳಿಲ್ಲ.

ಮಗಳು ಹೆರಿಗೆಗೆ ವಿನೋಬನಗರದ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಸೊಂಟನೋವಿನಿಂದ ಹಾಸಿಗೆ ಹಿಡಿದಿದ್ದಳು. ಬಾಣಂತನಕ್ಕೆ ಅತ್ತಿಗೆಯನ್ನು ಕರೆದೆ. ಹೊಲಿಗೆಯನ್ನೆಲ್ಲ ನಿಲ್ಲಿಸಿ ಬಂದಳು. ಮುಟ್ಟಿದರೆ, ಎತ್ತಿದರೆ, ಅಡುಗೆ ಮಾಡಿದರೆ ಅಂಟುವ ಕಾಯಿಲೆಯಲ್ಲ ಅದು, ನನಗೆ ಗೊತ್ತಿದ್ದದ್ದೇ. ಆದರೆ ಮಗಳ ಅತ್ತೆ, ಮಾಯಕೊಂಡದ ಬೀಗಿತಿಯೂ ಮೊಮ್ಮಗನನ್ನು ನೋಡಲು ಬಂದು ಉಳಿದರು. ಒಳ್ಳೆಯವರೇ, ಆದರೆ ಎಲ್ಲ ಕೇಳಬೇಕು. ಮೊದಲ ದಿನವೇ ಅತ್ತಿಗೆಯ ಕೈಯಲ್ಲಿನ ಡಬ್ಬಿ ನೋಡಿ, "ಇದು ಯಾತರ ಗುಳಿಗೆ? ನಮ್ಮ ಅಣ್ಣನ ಮಗಂದು ಮೆಡಿಕಲ್ ಶಾಪ್ ಐತೆ, ನಂಗೆಲ್ಲ ಗೊತ್ತಾಗ್ತೈತೆ, ತೋರಿಸ್ರಿ" ಎಂದರು. ಅತ್ತಿಗೆ "ಬಿಪಿದು" ಎಂದು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಮಾತನ್ನು ಮಗುವಿನ ಕಡೆ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಕರೆದು ಹೇಳಿದೆ. "ಅತ್ತಿಗೆ, ಬೀಗಿತಿ ಹೋಗೋತನಕ ಡಬ್ಬಿ ನನ್ನ ಕಾಲೇಜ್ ಬ್ಯಾಗಲ್ಲಿ ಇರಲಿ. ಎಂಟಕ್ಕೆ ಸರಿಯಾಗಿ ನಾನೇ ಒಂದು ತಂದು ಕೊಡ್ತೀನಿ. ಅಲಾರಾಂ ಬ್ಯಾಡ."

ನನ್ನ ಮುಖವನ್ನೇ ನೋಡಿದಳು. "ಮರೀಬ್ಯಾಡ್ರಿ ಮೇಷ್ಟ್ರೇ" ಎಂದಳು. ಡಬ್ಬಿ ಕೊಟ್ಟಳು.

ನಾನು ಮರೆಯಲಿಲ್ಲ. ಮರೆತಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಎಂಟು ಗಂಟೆಗೆ ಬೀಗಿತಿ ನಡುಮನೆಯಲ್ಲೇ ಕೂತಿರುತ್ತಿದ್ದರು. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ನೋಡುತ್ತಿದ್ದಳು. ನಾನು ಟಿವಿ ನೋಡುತ್ತಿದ್ದೆ. ಬೀಗಿತಿ ಆಚೀಚೆ ಎದ್ದುಹೋದ ದಿನ ಗುಳಿಗೆ ಕೊಟ್ಟೆ, ಇಲ್ಲದ ದಿನ ನಾಳೆ ಕೊಟ್ಟರಾಯಿತು ಎಂದುಕೊಂಡೆ. ವಾರಕ್ಕೆ ಮೂರು ಕೊಟ್ಟಿದ್ದರೆ ಹೆಚ್ಚು. ಥೂ, ಬಿಟ್ಟು ಬಿಟ್ಟು ತಗೊಂಡರೆ ಏನಾಗುತ್ತದೆಂದು ಚಿತ್ರ ಬರೆದು ತೋರಿಸಿದವನೇ ನಾನು! ಬಾಯಿಬಿಟ್ಟು ಕೇಳಿದರೆ ನನ್ನ ಮಗಳ ಸಂಸಾರಕ್ಕೆ ಕುತ್ತು ಎಂದು ಆಕೆ ಕೇಳಲೂ ಇಲ್ಲ.

ಒಂದೂವರೆ ತಿಂಗಳ ಮೇಲೆ ಬೀಗಿತಿ ಊರಿಗೆ ಹೋದರು. ಡಬ್ಬಿ ವಾಪಸು ಕೊಟ್ಟೆ. ಅತ್ತಿಗೆ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಉಳಿದ ಗುಳಿಗೆಗಳು ಗಲಗಲ ಎಂದವು. ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು.

ಕೆಲವು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ ವೈರಸ್ಸಿನ ಪ್ರಮಾಣ ವಿಪರೀತ ಏರಿತ್ತು. ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ. ಆಪ್ತಸಮಾಲೋಚಕಿ ಬೇಜಾರಿನಿಂದ ಕೇಳಿದಳು. "ಇಷ್ಟು ವರ್ಷ ಸರಿಯಾಗಿ ತಗೊಂಡೋರು ನೀವು. ಯಾಕಮ್ಮ ಬಿಟ್ರಿ?"

"ಮೊಮ್ಮಗ ಹುಟ್ಟಿದ ಸಂಭ್ರಮದಾಗೆ ಮರ್ತೆ ರೀ. ನಂದೇ ತಪ್ಪು" ಎಂದಳು ಅತ್ತಿಗೆ. ಆ ಹುಡುಗಿ ಬೈದಳು, ಅತ್ತಿಗೆ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಫೈಲು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಹಳೆಯ ಗುಳಿಗೆಗೆ ಇನ್ನು ವೈರಸ್ಸು ಬಗ್ಗುವುದಿಲ್ಲ, ಬೇರೆ ಕೊಡುತ್ತೇವೆ ಎಂದರು ಡಾಕ್ಟರಮ್ಮ. "ಇನ್ಮೇಲೆ ನಾನು ನೋಡ್ಕೋತೀನಿ ಮೇಡಂ" ಎಂದೆ. "ಇಂಥ ಮೈದುನ ಇರೋದು ನಿಮ್ಮ ಪುಣ್ಯ ಕೊಟ್ರಮ್ಮ" ಎಂದರು ಅವರು. ಆಕೆ ಹೌದೆಂದು ತಲೆಯಾಡಿಸಿದಳು.

ಈಗಿನ ಗುಳಿಗೆಗಳು ಗಟ್ಟಿಯಂತೆ, ಅಷ್ಟು ಸುಲಭಕ್ಕೆ ಸೋಲುವುದಿಲ್ಲವಂತೆ. ಆಗಿನವು ಹಾಗಿರಲಿಲ್ಲ. ಹೊಸ ಗುಳಿಗೆ ಹಿಡಿತಕ್ಕೆ ತರುವಷ್ಟರಲ್ಲಿ ಟಿ.ಬಿ. ಬಂದು ಮೆದುಳಿಗೆ ಏರಿತು. ಕೊನೆಯ ಸಲ ನೋಡಲು ಹೋದಾಗ ಹೇಳಿಬಿಡಬೇಕೆಂದೇ ಹೋಗಿದ್ದೆ. "ಅತ್ತಿಗೆ, ಆ ಡಬ್ಬಿ..." ಎಂದು ಶುರು ಮಾಡಿದೆ.

"ಬೀಗಿತಿಗೆ ಗೊತ್ತಾಗ್ಲಿಲ್ಲ ಹೌದಲ್ರಿ?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಇಲ್ಲ."

"ಹಂಗಾರೆ ಆತು ಬಿಡ್ರಿ."

ನನಗೆ ಹಾಯೆನಿಸಿತು. ಆ ಹೊತ್ತಿನಲ್ಲೂ ಹಾಯೆನಿಸಿತಲ್ಲ, ಅದನ್ನು ಯಾರ ಹತ್ತಿರ ಹೇಳಲಿ.

ಮಣ್ಣು ಮಾಡುವ ದಿನ ಬೀಗಿತಿಯೂ ಬಂದಿದ್ದರು. ಅತ್ತಿಗೆಯ ಕಾಲ ಬಳಿ ಕೂತು ನಿಜವಾಗಿ ಅತ್ತರು. "ನನ್ನ ಮೊಮ್ಮಗಂಗೆ ನೀರು ಎರೆದ ಕೈ. ಏನಾಗಿತ್ರಿ ಇವರಿಗೆ?" ಎಂದು ಕೇಳಿದರು.

"ಟಿ.ಬಿ." ಎಂದೆ.

"ಅಯ್ಯೋ, ಅದಕ್ಕೆಲ್ಲ ಔಷಧ ಐತಲ್ರಿ ಈಗ. ಗುಳಿಗೆ ಸರಿಯಾಗಿ ತಗೊಂಡಿರಲಿಕ್ಕಿಲ್ಲ ಬಿಡ್ರಿ."

"ಇರಬೌದು ರೀ" ಎಂದೆ.