ಮಾವನ ಹೆಸರಿದ್ದ ಫೈಲು

ನನ್ನ ಸೋದರಮಾವ ಮಾತಿಗೆ ಕೂತರೆ ಎದುರಿನವರಿಗೆ ಹೂಂಗುಟ್ಟುವ ಕೆಲಸ ಮಾತ್ರ ಉಳಿಯುತ್ತದೆ. ಕಮಲಾಪುರದಲ್ಲಿ ಬಸ್ಸು ಹತ್ತಿದರೆ ಕಲಬುರಗಿಯಲ್ಲಿ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವನ ಮಗಳಿಗೆ ವರ ಗೊತ್ತು ಮಾಡಿರುತ್ತಾರೆ. ಅಂಥವರು ಹೋದ ವರ್ಷ ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಗೆ ಬಂದು, ಚಹಾ ಆರಿಹೋಗುವ ತನಕ ಸುಮ್ಮನೆ ಕೂತರು. ನನಗೆ ಗಾಬರಿಯೇ ಆಯಿತು. ಆಮೇಲೆ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಸಣ್ಣ ರೆಕಾರ್ಡರ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದರಾಗ ನಿಮ್ಮ ಅತ್ತಿ ನನ್ನ ಹೆಸರು ಹೇಳ್ಯಾಳ," ಎಂದರು.

ಅತ್ತೆ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಮದುವೆ ಮನೆಯಲ್ಲಿ, ಬಾಗಿಲಿಗೆ ಅಡ್ಡ ನಿಂತು ಕಾಡುವ ಹೆಂಗಸರ ಎದುರಿಗೆ, ಒಡಪು ಎಂಬ ಪ್ರಾಸದ ಸಾಲು ಕಟ್ಟಿ ಅದರ ತುದಿಗೆ ಹೆಸರು ಸಿಕ್ಕಿಸಿ ಹೇಳಬೇಕು. ಅತ್ತೆ ತಮ್ಮ ಮದುವೆಯಲ್ಲೇ ಇದನ್ನು ತಪ್ಪಿಸಿಕೊಂಡವರು. ಮಗಳ ಮದುವೆಯಲ್ಲಿ ಮಾತ್ರ ಬೀಗತಿಯರು ಬಿಡಲಿಲ್ಲ. ಜೀವನದಲ್ಲಿ ಅದೊಂದೇ ಸಲ ಹೇಳಿದರು. ಗದ್ದಲದಲ್ಲಿ ಮಾವನಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಹೊಸದಾಗಿ ಕೊಂಡ ರೆಕಾರ್ಡರ್ ಅವರ ಅಂಗಿಯ ಜೇಬಿನಲ್ಲಿ ಚಾಲೂ ಇತ್ತು, ಆಮೇಲೆ ಕೇಳಿದರಾಯಿತು ಎಂದು ಬಿಟ್ಟರು. ಆ ಆಮೇಲೆ ಬರುವ ಮೊದಲೇ ರೆಕಾರ್ಡರ್ ಕೆಟ್ಟಿತು, ಅತ್ತೆಯೂ ಹೋದರು.

ಅದರೊಳಗಿನ ಕಾರ್ಡು ತೆಗೆದು ನನ್ನ ಕಂಪ್ಯೂಟರಿಗೆ ಹಾಕಿದೆ. ಫೈಲುಗಳೇನೋ ಇದ್ದವು, ಆದರೆ ಅಂಥ ಜಾತಿಯ ಫೈಲನ್ನು ಧ್ವನಿ ಕೇಳಿಸುವ ನನ್ನ ಪ್ಲೇಯರ್ ತಂತ್ರಾಂಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸ್ಟೇಶನ್ ಬಜಾರದಲ್ಲಿ ರೆಕಾರ್ಡರ್ ಮಾರಿದ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮಾಲೀಕರು ಬಹಳ ಸಮಾಧಾನದಿಂದ, ಕಂಪನಿಯೇ ಮುಚ್ಚಿಹೋಗಿದೆ, ಇನ್ನು ಫೈಲಿಗೆ ಯಾರು ಜವಾಬು ಕೊಡಬೇಕು ಎಂದು ಕೇಳಿ ನನಗೊಂದು ಕವರ್ ತೋರಿಸಿದರು. ಇನ್ನು ಬಂಧುಗಳಂತೂ ಉಪದೇಶಕ್ಕೆ ಕಡಿಮೆ ಮಾಡಲಿಲ್ಲ. ಫೈಲಿನ ಹೆಸರಿನಲ್ಲಿ ಚುಕ್ಕೆಯ ಮುಂದಿರುವ ಬಾಲ ಬದಲಿಸು, ತಾನೇ ಹಾಡುತ್ತದೆ ಎಂದು ಒಬ್ಬ ಭಾವ ಹೇಳಿದ. ನಮ್ಮ ಊರಿನ ಹೆಸರನ್ನೇ ಕಲಬುರಗಿ ಎಂದು ಬದಲಿಸಿದರು, ಬಿಸಿಲೇನೂ ಕಡಿಮೆಯಾಗಲಿಲ್ಲ ಎಂದೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ನಾನು ಬಳಸುವ ಪ್ಲೇಯರ್ ದೇಶ ದೇಶಗಳ ಜನ ಸಂಬಳವಿಲ್ಲದೆ ಕೂಡಿ ಬರೆದದ್ದು, ಯಾರು ಬೇಕಾದರೂ ಅದಕ್ಕೆ ತಮ್ಮದೊಂದಿಷ್ಟು ಬರೆದು ಸೇರಿಸಬಹುದು. ಸರಿ, ಈ ಫೈಲನ್ನು ಓದುವುದನ್ನು ನಾನೇ ಅದಕ್ಕೆ ಕಲಿಸುತ್ತೇನೆ ಎಂದು ಹಟಕ್ಕೆ ಬಿದ್ದೆ. ಮೊದಲ ಪ್ರಯತ್ನದ ಫಲವನ್ನು ಮಾವನಿಗೆ ಫೋನಿನಲ್ಲಿ ಕೇಳಿಸಿದಾಗ, ಹಿಟ್ಟಿನ ಗಿರಣಿಯ ಮುಂದೆ ಯಾಕೆ ನಿಂತಿದ್ದಿ ಎಂದು ಕೇಳಿದರು. ಆಮೇಲೆ ತಿಳಿಯಿತು, ಒಳಗಿದ್ದದ್ದು ಎಲ್ಲರೂ ಬಳಸುವ ಸಾಮಾನ್ಯ ಜಾತಿಯ ಧ್ವನಿ ಫೈಲೇ. ಕಂಪನಿಯವರು ತಮ್ಮ ದೊಡ್ಡಸ್ತಿಕೆಗೆ ಅದರ ಮುಂದೆ ಒಂದಷ್ಟು ಕಸ ಅಂಟಿಸಿದ್ದರು. ಕಸ ದಾಟಿದ ಮೇಲೆ ಮದುವೆಯ ಬ್ಯಾಂಡು ಬೆನ್ನಿಗೆ ನಾಯಿ ಬಿದ್ದ ಹಾಗೆ ಓಡಿತು. ವೇಗ ತಿದ್ದಿದೆ. ಭಟ್ಟರ ಮಂತ್ರ, ಊಟದ ಪಂಕ್ತಿ, ಎಲ್ಲದರ ಮೇಲೆ ಮಾವನ ಯಜಮಾನಿಕೆಯ ಧ್ವನಿ, ಎಲ್ಲವೂ ಸರಿಯಾಗಿ ಕೇಳಿಸಿದವು. ಅವುಗಳಲ್ಲಿ ಒಡಪು ಇರಲಿಲ್ಲ, ಅಂದರೆ ಅದು ಕೊನೆಯ ಫೈಲಿನಲ್ಲೇ ಇರಬೇಕು, ಅದನ್ನು ಮಾತ್ರ ನಾನು ತೆರೆಯಲಿಲ್ಲ. ಅದನ್ನು ಮೊದಲು ಮಾವನೇ ಕೇಳಬೇಕಿತ್ತು.

ಬರೆದದ್ದನ್ನು ಪ್ಲೇಯರಿಗೇ ಸೇರಿಸಿಕೊಳ್ಳಿ ಎಂದು ಅದನ್ನು ನೋಡಿಕೊಳ್ಳುವ ಹಿರಿಯರಿಗೆ ಕಳಿಸಿದೆ. ಇಂಥ ಫೈಲು ಬೇಕಾದವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ ಎಂದು ವಿಚಾರಿಸಿದರು. ಒಬ್ಬರು, ಕಮಲಾಪುರದಲ್ಲಿದ್ದಾರೆ ಎಂದು ಬರೆದೆ. ಆಮೇಲೆ ಶುರುವಾಯಿತು ನೋಡಿ. ನಾನು ಬರೆದ ಸಾಲುಗಳ ನಡುವೆ ಜಾಗ ಎಷ್ಟು ಬಿಡಬೇಕು, ಇದನ್ನು ಪ್ಲೇಯರಿನ ಯಾವ ಕಪಾಟಿನಲ್ಲಿಡಬೇಕು ಎಂದು ಖಂಡಾಂತರ ಜಗಳ. ನಮ್ಮಲ್ಲಿ ಬೀಗರ ಸೀರೆಯ ಬಣ್ಣದ ಮೇಲೆ ಆಗುವ ಜಗಳಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ದಣಿದು ಸೇರಿಸಿಕೊಂಡರು. ಈಗ ಯಾವ ದೇಶದವರು ಬೇಕಾದರೂ ನಮ್ಮ ಮಾವನ ರೆಕಾರ್ಡರಿನ ಫೈಲನ್ನು ಕೇಳಬಹುದು, ಅವರ ಹತ್ತಿರ ಅದು ಇದ್ದರೆ.

ಲ್ಯಾಪ್‌ಟಾಪ್ ಹಿಡಿದು ಕಮಲಾಪುರಕ್ಕೆ ಹೋದೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕಾಯುತ್ತಿದ್ದರು. ಫೈಲು ಹಚ್ಚುವ ಮೊದಲು ಆ ಮದುವೆಯ ಕಥೆಯನ್ನು ಮತ್ತೊಮ್ಮೆ ಪೂರ್ತಿ ಹೇಳಿದರು. ಹೂಂಗುಟ್ಟಿದೆ. ಕೊನೆಗೆ ಹಚ್ಚಿದೆ.

ಹೆಂಗಸರ ಗಲಾಟೆ. ಬಳೆ ಸಪ್ಪಳ. ಆಮೇಲೆ ಅತ್ತೆಯ ಸಣ್ಣ ಧ್ವನಿ: "ಕೆಂಪ ಬಾಳಿಹಣ್ಣ ಬುಟ್ಟಿ ತುಂಬ, ನಮ್ಮನಿಯವರ ಮಾತು ಊರ ತುಂಬ..."

ಅಲ್ಲಿ ಹೆಂಗಸರು ನಕ್ಕರು, ಇಲ್ಲಿ ಮಾವನೂ ನಕ್ಕರು. ಅತ್ತೆ ಉಸಿರು ಎಳೆದುಕೊಂಡು ಹೆಸರು ಹೇಳಿದರು. ಅದೇ ಹೊತ್ತಿಗೆ, ಜೇಬಿನ ರೆಕಾರ್ಡರಿಗೆ ಎಲ್ಲರಿಗಿಂತ ಹತ್ತಿರವಿದ್ದ ಧ್ವನಿ ಗುಡುಗಿತು: "ಜೋರ ಹೇಳು, ಕೇಳಸವಲ್ದು."

ಹೆಸರಿನ ಕೊನೆಯ ಅಕ್ಷರ ಮಾತ್ರ ನಮಗೆ ಸಿಕ್ಕಿತು. ಮತ್ತೆ ಹೆಂಗಸರ ಕೂಗು, ಅಲ್ಲಿಗೆ ಫೈಲು ಮುಗಿಯಿತು.

ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ದುಃಖ ಉಕ್ಕಿತು. ಮಾವ ಪರದೆಯ ಕಡೆ ಬೊಟ್ಟು ಮಾಡಿ ಕೇಳಿದರು.

"ನನ್ನ ಧ್ವನಿ ಅಷ್ಟ ತೆಗಿಲಿಕ್ಕ ಬರ್ತದೇನು?"

"ಇಲ್ಲ ಮಾಮಾ. ಅದನ್ನ ತೆಗದ್ರ ಅತ್ತೀದೂ ಹೋಗ್ತದ."

"ಇನ್ನೊಮ್ಮೆ ಹಚ್ಚು," ಎಂದರು.

ಹಚ್ಚಿದೆ. ಬಳೆ ಸಪ್ಪಳ ಬಂತು, ಬಾಳೆಹಣ್ಣಿನ ಬುಟ್ಟಿ ಬಂತು. ಅತ್ತೆ ಉಸಿರು ಎಳೆದುಕೊಳ್ಳುವ ಮೊದಲೇ ಮಾವ ಎರಡೂ ಕೈಗಳಿಂದ ತಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದರು.