ಚಳಿಗಾಲದ ಬೀಸಣಿಗೆ

ಬೀಸಣಿಗೆಯ ಬಗ್ಗೆ ಒಂದು ಸಣ್ಣ ಸಂಗತಿಯನ್ನು ನೀವೂ ಗಮನಿಸಿರಬಹುದು: ತಮಗೆ ತಾವೇ ಬೀಸಿಕೊಳ್ಳುವವರಿಗೆ ಸಿಗುವ ಗಾಳಿಗಿಂತ, ಬೀಸುವ ಶ್ರಮದಿಂದ ಹುಟ್ಟುವ ಬೆವರೇ ಹೆಚ್ಚು. ಈ ಮಹತ್ವದ ಸಂಶೋಧನೆಯನ್ನು ನಾನು ಮಾಡಿದ್ದು ತೊಂಬತ್ತರ ದಶಕದ ಒಂದು ಡಿಸೆಂಬರ್ ಮುಂಜಾನೆ, ಮಸ್ಕಿಯ ನಮ್ಮ ಮನೆಯ ಕಟ್ಟೆಯ ಮೇಲೆ, ಓಣಿಯ ಜನರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಿಸಿಲಿಗಾಗಿ ಕಾಯುತ್ತಿದ್ದಾಗ. ಬೇಸಿಗೆಯಲ್ಲಿ ಬೀಸಣಿಗೆ ಹಿಡಿದವಳು ಗೃಹಿಣಿ. ಚಳಿಗಾಲದಲ್ಲಿ ಹಿಡಿದವಳು ಪ್ರೇಕ್ಷಣೀಯ ಸ್ಥಳ. ಹಾಲು ತರಲು ಹೊರಟವರು ಕೂಡ ಒಂದು ಕ್ಷಣ ನಿಂತು, ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿದ್ದರು.

ಕಾರಣ ಒಂದು ಗುಳಿಗೆ. ಅದಕ್ಕೂ ಮೊದಲು ಹೈದರಾಬಾದಿನಲ್ಲಿ ನನ್ನ ಎಡ ಸ್ತನವನ್ನು ಅದರೊಳಗಿನ ಗಂಟಿನ ಸಮೇತ ತೆಗೆದಿದ್ದರು. ಹತ್ತಿ ಬೆಳೆಯುವ ಸೀಮೆಯವಳಾದ್ದರಿಂದ ಆ ಸ್ಥಳದ ತಾತ್ಕಾಲಿಕ ಭರ್ತಿಗೆ ನನಗೆ ಕಚ್ಚಾವಸ್ತುವಿನ ಅಭಾವವಾಗಲಿಲ್ಲ. ಆದರೆ ದೇಹದ ಯಾವುದೋ ಹಾರ್ಮೋನು ರೋಗದ ಉಳಿದ ಬೀಜಗಳಿಗೆ ಉಣಿಸುತ್ತದಂತೆ, ಅದನ್ನು ತಡೆಯಲು ಐದು ವರ್ಷ ದಿನಕ್ಕೊಂದು ಗುಳಿಗೆ ನುಂಗಬೇಕಂತೆ. ಕಾಲುವೆಯ ತೂಬು ಮುಚ್ಚಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ತೂಬು ಮುಚ್ಚಿದರೆ ಹೊಲ ಒಣಗಿ ಕಾದು ಕೆಂಡವಾಗುತ್ತದೆ ಎಂಬುದನ್ನು ಮಾತ್ರ ವೈದ್ಯರು ಹೇಳಿರಲಿಲ್ಲ. ಅಥವಾ ಹೇಳಿದ್ದರೂ ಬದುಕುವ ಸಂಭ್ರಮದಲ್ಲಿ ನನಗೆ ಕೇಳಿಸಿರಲಿಲ್ಲ.

ಝಳ ಎದೆಯಲ್ಲಿ ಹುಟ್ಟಿ, ಕುತ್ತಿಗೆ ಏರಿ, ಕಿವಿಯ ತುದಿಯವರೆಗೆ ಹೋಗಿ, ಬೆವರಾಗಿ ಇಳಿಯುತ್ತಿತ್ತು. ಏಪ್ರಿಲ್‌ನಲ್ಲಿ ಚಿಂತೆಯಿರಲಿಲ್ಲ, ರಾಯಚೂರು ಜಿಲ್ಲೆಯ ಏಪ್ರಿಲ್‌ನಲ್ಲಿ ಸಕಲ ಜೀವರಾಶಿಯೂ ನನ್ನ ಸ್ಥಿತಿಯಲ್ಲೇ ಇರುವುದರಿಂದ ನನ್ನ ಕಾಯಿಲೆಗೆ ಸ್ವಂತ ವ್ಯಕ್ತಿತ್ವವೇ ಇರಲಿಲ್ಲ. ಚಳಿಗಾಲದಲ್ಲಿ ಗುಟ್ಟು ರಟ್ಟಾಯಿತು. ಪ್ರೌಢಶಾಲೆಯಲ್ಲಿ ಸಂಧಿ ಪ್ರಕರಣ ಬೋಧಿಸುತ್ತ ಕಪ್ಪು ಹಲಗೆಯ ಮುಂದೆ ಧಾರಾಕಾರ ಬೆವರುವ ಶಿಕ್ಷಕಿಯನ್ನು ಕಂಡ ವಿದ್ಯಾರ್ಥಿನಿಯರು, ವ್ಯಾಕರಣ ನನಗೂ ಕಷ್ಟವೆಂದು ಸಮಾಧಾನಪಟ್ಟುಕೊಂಡರು.

ನಮ್ಮ ಕಡೆ ವೈದ್ಯಶಾಸ್ತ್ರದಲ್ಲಿ ಇರುವುದು ಎರಡೇ ಅಧ್ಯಾಯ, ಉಷ್ಣ ಮತ್ತು ತಂಪು. ಹೈದರಾಬಾದಿನಲ್ಲಿ ಹದಿನೈದು ದಿನ ಪರೀಕ್ಷೆ ಮಾಡಿದವರಿಗಿಂತ ನಮ್ಮ ಓಣಿಯವರು ಚುರುಕು. ಒಂದೇ ನೋಟಕ್ಕೆ ರೋಗನಿರ್ಣಯ ಮುಗಿಸಿದರು. ಪಕ್ಕದ ಮನೆಯ ಮಹಬೂಬಿ ಖಾಲಾ ಗೋಡೆಯ ಮೇಲಿಂದಲೇ ಬಟ್ಟಲು ದಾಟಿಸಿ, "ಟೀಚರಮ್ಮ, ಮೈಯಾಗ ಗರ್ಮಿ ಭಾಳ ಆಗೇತಿ. ಸಬ್ಜಾ ಬೀಜ ನೆನಿಸೀನಿ, ಕುಡೀರಿ" ಎಂದರು. ಮುಖ್ಯೋಪಾಧ್ಯಾಯರು ಅಂಗಾಲಿಗೆ ಹರಳೆಣ್ಣೆಯನ್ನು ಶಿಫಾರಸು ಮಾಡಿದರು. ಗಣಿತದ ಮೇಷ್ಟ್ರು ನೆತ್ತಿಗೆ ಅದೇ ಎಣ್ಣೆ ಎಂದರು. ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು ನಾನು ಕೆಲವು ದಿನ ಆಪಾದಮಸ್ತಕ ಜಾರುತ್ತಿದ್ದೆ.

ಇವರೆಲ್ಲರಿಗಿಂತ ಗಂಭೀರವಾಗಿ ಯೋಚಿಸಿದವರು ನಮ್ಮ ಅತ್ತೆ. ಅವರಿಗೆ ಎಪ್ಪತ್ತರ ಆಸುಪಾಸು, ಸಿಂಧನೂರು ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು. ಕ್ಯಾನ್ಸರ್ ಎಂಬ ಶಬ್ದವನ್ನು ಅವರ ಕಿವಿಗೆ ಹಾಕಬಾರದೆಂದು ನಾವು ಗಂಡ ಹೆಂಡತಿ ತೀರ್ಮಾನಿಸಿದ್ದೆವು. ಗಂಟು ತೆಗೆಸಿದ್ದಾಯಿತು, ಇದು ಶಕ್ತಿ ಬರಲು ಕೊಟ್ಟ ಗುಳಿಗೆ ಎಂದು ಹೇಳಿದ್ದೆವು. ವಿದ್ಯಾವಂತರ ಸುಳ್ಳಿಗೆ ಒಂದು ದೋಷವಿರುತ್ತದೆ: ಕೇಳಿದವರು ಅದನ್ನು ನಂಬಿ ಮುಂದಿನ ತರ್ಕ ಮಾಡುತ್ತಾರೆಂಬುದು ನಮಗೆ ಹೊಳೆಯುವುದಿಲ್ಲ. ಶಕ್ತಿ ಗುಳಿಗೆಯಿಂದ ಸೊಸೆ ಬೇಯುತ್ತಿದ್ದಾಳೆಂದರೆ ಶಕ್ತಿ ಹೆಚ್ಚಾಗಿದೆ, ಇಳಿಸಬೇಕು ಎಂದು ಅತ್ತೆ ತರ್ಕಿಸಿದರು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೀರಿನ ಹರವಿಗಳ ಕೆಳಗೆ ಒದ್ದೆ ಉಸುಕು ಇರುತ್ತದೆ. ಎಲೆ, ನಿಂಬೆಹಣ್ಣು ಬಾಡದಿರಲಿ ಎಂದು ಅದರಲ್ಲಿ ಹೂತಿಡುವುದು ವಾಡಿಕೆ. ಅತ್ತೆ ಎರಡು ತಿಂಗಳ ಗುಳಿಗೆಗಳನ್ನೂ ಪಟ್ಟಿಯಿಂದ ಬಿಡಿಸಿ, ಒದ್ದೆ ಅರಿವೆಯಲ್ಲಿ ಕಟ್ಟಿ, ವೀಳ್ಯದೆಲೆಯ ಪಕ್ಕದಲ್ಲಿ ಹೂತರು.

ನಾಲ್ಕನೆಯ ದಿನ ಆ ಅರಿವೆ ಬಿಚ್ಚಿದಾಗ ನನ್ನ ಕೈಗೆ ಬಂದದ್ದು ವಿಭೂತಿಯಂಥ ಹಿಟ್ಟು. ಇಲ್ಲಿ ನಾನು ಕೂಗಾಡಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಗುಳಿಗೆ ಬಿಡುವ ಧೈರ್ಯ ನನಗಿರಲಿಲ್ಲ. ಅಪರಾಧ ಬೇರೆಯವರದಾಗಿ ಸುಖ ಮಾತ್ರ ನನ್ನದಾಗುವ ಇಂಥ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ? ದಿನವೂ ಒಂದು ಚಿಟಿಕೆ ಹಿಟ್ಟನ್ನು ಹಿತ್ತಲಿಗೆ ಒಯ್ದು ಮಲ್ಲಿಗೆ ಬಳ್ಳಿಗೆ ಹಾಕಿ, ಬಾಯಿ ಒರೆಸಿಕೊಳ್ಳುತ್ತ ಒಳಗೆ ಬರುತ್ತಿದ್ದೆ. ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ ಮಾಡಿ ವಾರಕ್ಕೊಮ್ಮೆ ಬರುವ ನಮ್ಮವರು ಕೇಳಿದರೆ, "ತಗೊಳ್ಳಾಕತ್ತೀನ್ರಿ" ಎನ್ನುತ್ತಿದ್ದೆ. ಮೂರು ವಾರದಲ್ಲಿ ಝಳ ತಗ್ಗಿತು. ಡಿಸೆಂಬರ್ ಎಂಬುದು ತಂಪಾದ ತಿಂಗಳು ಎಂದು ಬಹಳ ದಿನಗಳ ಮೇಲೆ ನನ್ನ ಚರ್ಮಕ್ಕೆ ತಿಳಿಯಿತು.

ಅತ್ತೆಯ ಕೀರ್ತಿ ಓಣಿ ದಾಟಿತು. "ಉರಿ ಎಲ್ಲಾ ಉಸುಕಿನಾಗ ಇಳೀತು ನೋಡ್ರಿ, ಈಗ ನಮ್ಮ ಸೊಸಿ ಬೀಸಣಿಕಿ ಮುಟ್ಟಂಗಿಲ್ಲ" ಎಂದು ಅವರು ಕಟ್ಟೆಯ ಮೇಲೆ ಕೂತು ವಿವರಿಸುತ್ತಿದ್ದರು. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಮಹಬೂಬಿ ಖಾಲಾ ತಮ್ಮ ಬಿ.ಪಿ. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಅಂಗೈಯಲ್ಲಿ ಹಿಡಿದು ನಿಂತಿದ್ದಾರೆ, ಅತ್ತೆ ಒದ್ದೆ ಅರಿವೆ ಹಾಸಿದ್ದಾರೆ. ನನ್ನ ಕಳ್ಳಾಟಕ್ಕೆ ನಾನೊಬ್ಬಳು ಸತ್ತರೆ ಅದು ನನ್ನ ಖಾಸಗಿ ವಿಷಯವೆಂದು ಅಲ್ಲಿಯವರೆಗೆ ನಂಬಿದ್ದೆ. ಖಾಲಾರ ತೆರೆದ ಅಂಗೈಯನ್ನು ನಾನೇ ಮಡಚಿದೆ.

"ಖಾಲಾ, ಅವನ್ನ ಒಯ್ದು ಡಬ್ಬಿಯಾಗ ಇಡ್ರಿ" ಎಂದೆ. ಅವರು ಹೋದ ಮೇಲೆ ಹರವಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತೆಗೆ ಹೇಳಿದೆ: "ಅತ್ತಿ, ಅದು ಶಕ್ತಿ ಗುಳಿಗಿ ಅಲ್ರೀ. ನನಗ ಆಗಿದ್ದು ಕ್ಯಾನ್ಸರ್. ಅದು ತಿರುಗಿ ಬೆಳೀಬಾರ್ದಂತ, ತೂಬು ಮುಚ್ಚಿದಂಗ, ಅದಕ್ಕ ನೀರು ಹೋಗದಂಗ ಮಾಡೂ ಗುಳಿಗಿ ಅದು. ಉಸುಕಿನಾಗ ಅದು ಹಿಟ್ಟಾತು. ನಾ ಮಲ್ಲಿಗಿ ಬಳ್ಳಿಗೆ ಹಾಕೀನಿ."

ಕಾಲುವೆ ಸೀಮೆಯ ಒಕ್ಕಲು ಮನೆತನದ ಅತ್ತೆಗೆ ತೂಬಿನ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ.

"ಮೂರು ವಾರ," ಎಂದರು. "ಮೂರು ವಾರ ತೂಬು ತೆರೆದು ಬಿಟ್ಟು ಕುಂತೀಯೇನ್ ಬೇ? ನಾನಂತೂ ಓದಿಲ್ಲ. ನೀ ಓದಿದಾಕಿ, ನಿನಗೇನಾಗಿತ್ತು?"

ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. "ಸುಖಾ ಅನಿಸ್ತಿತ್ರೀ" ಎಂದು ಅತ್ತುಬಿಟ್ಟೆ. ಅವರು ನನ್ನ ಕಣ್ಣೊರೆಸಿದರು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರುದಿನ ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ಮನೆಗೆ ಬೀಗ. ಒಬ್ಬರೇ ಎಂದೂ ಬಸ್ಸು ಹತ್ತದ ಅತ್ತೆ, ಗುಳಿಗೆಯ ಖಾಲಿ ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕೀಲಿಯನ್ನು ಖಾಲಾ ಕೈಗೆ ಕೊಟ್ಟು ಲಿಂಗಸುಗೂರಿಗೆ ಹೋಗಿದ್ದರು. ಅಲ್ಲಿನ ಔಷಧದ ಅಂಗಡಿಗಳಲ್ಲಿ ಇಲ್ಲವೆಂದಾಗ ಬಂದ ದಾರಿಯಲ್ಲೇ ತಿರುಗಿ, ಮಸ್ಕಿಯಲ್ಲಿ ಇಳಿಯದೆ ಸಿಂಧನೂರಿಗೆ ಹೋದರು. ಅಲ್ಲಿಯ ಅಂಗಡಿಯವನು ನಾಳೆ ರಾಯಚೂರಿನಿಂದ ತರಿಸುತ್ತೇನೆಂದಾಗ ತವರಿನಲ್ಲಿ ಉಳಿದು, ಮಾರನೆಯ ದಿನ ಅವನ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಗುಳಿಗೆ ಹಿಡಿದುಕೊಂಡೇ ಬಂದರು. ಬಂದವರು ಸೆರಗಿನ ಗಂಟು ಬಿಚ್ಚಿ, ಒಂದನ್ನು ನನ್ನ ಅಂಗೈಯಲ್ಲಿಟ್ಟು, ಗೂಟದಿಂದ ಬೀಸಣಿಗೆ ಇಳಿಸಿದರು.

"ನುಂಗು," ಎಂದರು. "ಬೀಸಾಕ ನಾ ಅದೀನಿ."

ಐದು ವರ್ಷ ಮುಗಿಯುವವರೆಗೆ ಬೀಸಿದರು. ಮಫ್ಲರ್ ಸುತ್ತಿಕೊಂಡು, ಕಂಬಳಿಯೊಳಗಿಂದ ಕೈ ಒಂದನ್ನೇ ಹೊರಗೆ ಚಾಚಿ, ಥಂಡಿಗೆ ನಡುಗುತ್ತ ಸೊಸೆಗೆ ಗಾಳಿ ಹಾಕುವ ಅತ್ತೆಯನ್ನು ನೋಡಲು ಈಗ ಹಾಲಿನವರ ಜೊತೆ ಮೊಸರಿನವರೂ ನಿಲ್ಲುತ್ತಿದ್ದರು. ವೈದ್ಯರು ಗುಳಿಗೆ ಸಾಕು ಎಂದ ವರ್ಷ ಝಳವೂ ಮೆಲ್ಲಗೆ ಹೋಯಿತು. ಆ ಡಿಸೆಂಬರ್‌ನ ಒಂದು ಮುಂಜಾನೆ ಅತ್ತೆ ಅಭ್ಯಾಸಬಲದಿಂದ ಬೀಸಣಿಗೆ ಎತ್ತಿಕೊಂಡು, "ಇನ್ನೂ ಐತೇನು ಝಳ?" ಎಂದು ಕೇಳಿದರು. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

"ಸ್ವಲ್ಪ ಐತ್ರೀ" ಎಂದೆ, ಅವರ ಕಡೆಗೆ ಇನ್ನಷ್ಟು ಸರಿದು ಕೂತೆ.